ಮೇಜಿನ ತೂತಿನಿಂದ ಹುಲ್ಲು: ಡೋರಿಸ್ ಸಾಲ್ಸೆಡೊ ಕೃತಿಗಳನ್ನು ಓದುವುದು, ಕಟ್ಟುವುದು

ಕುಂಚಕಡ್ಡಿ
ಶಿಲ್ಪ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಗಳು ಕೊಲಂಬಿಯಾದ ಶಿಲ್ಪಿ ಡೋರಿಸ್ ಸಾಲ್ಸೆಡೊ ಅವರ ‘ಪ್ಲೆಗಾರಿಯಾ ಮುದಾ’ ಕೃತಿಯನ್ನು ಅಭ್ಯಾಸಕ್ಕೆ ಎತ್ತಿಕೊಂಡಿದ್ದಾರೆ. ಒಂದೇ ಜೋಡಿ ಮೇಜು ಮಾಡುವುದು, ಅಭ್ಯಾಸಕ್ಕಾಗಿ ಮಾಡಿದ ನಕಲು ಎಂದು ಫಲಕದಲ್ಲಿ ಸ್ಪಷ್ಟವಾಗಿ ಬರೆಯುವುದು, ಮೂರು ವಾರ ಪ್ರದರ್ಶನಕ್ಕೆ ಇಡುವುದು ಎಂದು ಯೋಜನೆ. ಎರಡು ಪ್ರಶ್ನೆ. ಮರದ ಹಲಗೆಯ ಮೂಲಕ ಹುಲ್ಲು ಮೇಲೆ ಬರುವಂತೆ ಮಾಡುವುದು ಹೇಗೆ? ಟಿಪ್ಪಣಿಯಲ್ಲಿ ‘ಮೇಜು ಅಂದರೆ ಸಾವು, ಹುಲ್ಲು ಅಂದರೆ ಭರವಸೆ’ ಎಂದು ಬರೆದಿದ್ದಾರೆ, ಅಷ್ಟು ಸಾಕೇ?

ಬಿಳಿಗೋಡೆ
ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಸಾಲದು. ಆ ಸಾಲು ತಪ್ಪಲ್ಲ, ಆದರೆ ಕೃತಿಯನ್ನು ಒಗಟಿನ ಹಾಗೆ ಬಿಡಿಸಿ ಕೈತೊಳೆದುಕೊಳ್ಳುತ್ತದೆ.

ಸಾಲ್ಸೆಡೊ 1958ರಲ್ಲಿ ಬೊಗೊಟಾದಲ್ಲಿ ಹುಟ್ಟಿದವರು, ಈಗಲೂ ಅಲ್ಲಿಯೇ ಕೆಲಸ ಮಾಡುತ್ತಾರೆ. ‘ಪ್ಲೆಗಾರಿಯಾ ಮುದಾ’ ಅಂದರೆ ಮೂಕ ಪ್ರಾರ್ಥನೆ. 2008ರಿಂದ 2010ರವರೆಗೆ ಮಾಡಿದ್ದು. ಪೂರ್ಣ ರೂಪದಲ್ಲಿ 160ಕ್ಕೂ ಹೆಚ್ಚು ಜೋಡಿಗಳಿವೆ, ಜಾಗ ನೋಡಿಕೊಂಡು ಕಡಿಮೆ ಜೋಡಿಗಳನ್ನೂ ಇಡುತ್ತಾರೆ. ಒಂದು ಮೇಜು ನೆಟ್ಟಗೆ ನಿಂತಿರುತ್ತದೆ, ಅದರ ಮೇಲೆ ಒಂದು ಪದರ ಮಣ್ಣು, ಮಣ್ಣಿನ ಮೇಲೆ ಇನ್ನೊಂದು ಮೇಜು ಕಾಲು ಮೇಲೆ ಮಾಡಿ ಕವುಚಿರುತ್ತದೆ. ಉದ್ದ ಒಂದು ಶವಪೆಟ್ಟಿಗೆಯಷ್ಟು. ಮೇಲಿನ ಹಲಗೆಯಿಂದ ಒಂದೊಂದೇ ಹುಲ್ಲಿನ ಎಸಳು ಎದ್ದಿರುತ್ತದೆ. ನೋಡುವವರು ಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ ದಾರಿ ಮಾಡಿಕೊಂಡು ಹೋಗಬೇಕು. ಒಳಗೆ ಹೋದ ಮೇಲೆ ಸುತ್ತ ಮೇಜಿನ ಕಾಲುಗಳ ಕಾಡು, ಹಸಿಮಣ್ಣಿನ ವಾಸನೆ. ಹುಲ್ಲು ಕಣ್ಣಿಗೆ ಬೀಳುವುದು ಎಲ್ಲಕ್ಕಿಂತ ಕೊನೆಗೆ.

ಹಿನ್ನೆಲೆ ಎರಡು ಕಡೆಯದು. 2004ರಲ್ಲಿ ಅವರು ಲಾಸ್ ಏಂಜಲೀಸ್‌ನ ಗ್ಯಾಂಗ್ ಹಿಂಸೆಯ ಬಗ್ಗೆ ಅಧ್ಯಯನ ಮಾಡಿದ್ದರು. ಇನ್ನೊಂದು ಕೊಲಂಬಿಯಾದಲ್ಲಿ ‘ಸುಳ್ಳು ಲೆಕ್ಕ’ ಎಂಬ ಅರ್ಥದ ಹೆಸರಿನಲ್ಲಿ ಕುಖ್ಯಾತವಾದ ಪ್ರಕರಣಗಳು. ಬಡ ಹುಡುಗರನ್ನು ಕೆಲಸದ ಆಸೆ ತೋರಿಸಿ ದೂರದೂರಿಗೆ ಕರೆದೊಯ್ದು ಕೊಂದು, ಯುದ್ಧದಲ್ಲಿ ಸತ್ತ ಬಂಡುಕೋರರು ಎಂದು ಸೈನಿಕರು ಲೆಕ್ಕ ತೋರಿಸುತ್ತಿದ್ದರು. 2008ರಲ್ಲಿ ಬೊಗೊಟಾ ಪಕ್ಕದ ಸೊವಾಚಾ ಊರಿನ ಹುಡುಗರ ಶವಗಳು ನೂರಾರು ಕಿಲೋಮೀಟರ್ ದೂರದ ಒಕಾನ್ಯದ ಕಡೆ ಸಿಕ್ಕಾಗ ವಿಷಯ ಹೊರಬಿತ್ತು. 2002ರಿಂದ 2008ರೊಳಗೆ ಕನಿಷ್ಠ 6,402 ಜನ ಹೀಗೆ ಸತ್ತರೆಂದು ಅಲ್ಲಿನ ಶಾಂತಿ ನ್ಯಾಯಮಂಡಳಿ 2021ರಲ್ಲಿ ಹೇಳಿತು. ಗುಂಡಿಗಳಲ್ಲಿ ಮಕ್ಕಳನ್ನು ಹುಡುಕುತ್ತಿದ್ದ ತಾಯಂದಿರ ಜೊತೆ ಸಾಲ್ಸೆಡೊ ಇದ್ದರು.

ಹಾಗಾಗಿ ಆ ಮೇಜು ಬರಿಯ ‘ಸಾವು’ ಅಲ್ಲ. ಹೆಸರಿಲ್ಲದೆ ಮುಚ್ಚಿದವರಿಗೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಸಿಗಬೇಕಿದ್ದ ಒಂದು ಗೋರಿ. ಜೋಡಿಗಳು ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಪ್ರತ್ಯೇಕವಾಗಿ ನಿಲ್ಲುವುದು ಅದಕ್ಕೇ. ವಿದ್ಯಾರ್ಥಿಗಳು ಒಂದೇ ಜೋಡಿ ಮಾಡುವಾಗ ಈ ಅರ್ಥ ಕಳೆದುಹೋಗುತ್ತದೆ ಎನ್ನುವುದನ್ನು ಟಿಪ್ಪಣಿಯಲ್ಲಿ ಒಪ್ಪಿಕೊಂಡು ಬರೆಯಲಿ.

ಉಳಿಬಾಚಿ
ಮರದ ವಿಷಯ. ಕೆಳಗೆ ಬರೆಯುತ್ತಿರುವುದು ಅಭ್ಯಾಸದ ನಕಲಿಗೆ ಮಾತ್ರ, ಕಲಾವಿದೆಯ ಕಾರ್ಯಾಗಾರದ ಕ್ರಮ ಎಂದು ಯಾರೂ ತಿಳಿಯಬೇಡಿ.

ಮೊದಲು ತೂಕದ ಲೆಕ್ಕ ಮಾಡಿ. ಹಲಗೆ 2 ಮೀಟರ್ ಉದ್ದ, 60 ಸೆಂ.ಮೀ. ಅಗಲ, ಮಣ್ಣು 10 ಸೆಂ.ಮೀ. ದಪ್ಪ ಎಂದರೆ 120 ಲೀಟರ್ ಮಣ್ಣು. ಒದ್ದೆ ಕೆಮ್ಮಣ್ಣು ಲೀಟರಿಗೆ ಸುಮಾರು 1.7 ಕೆ.ಜಿ. ತೂಗುತ್ತದೆ, ಅಂದರೆ 200 ಕೆ.ಜಿ. ಮೇಲಿನ ಮೇಜು ಇನ್ನೊಂದು 25 ಕೆ.ಜಿ. ಮಾಮೂಲಿ ಊಟದ ಮೇಜಿನ ಕೂಡುಗಳು ಇದನ್ನು ಮೂರು ವಾರ ತಾಳುವುದಿಲ್ಲ, ಕಾಲುಗಳು ಹೊರಗೆ ಚಾಚಿಕೊಳ್ಳುತ್ತವೆ. ಕಾಲು ಕನಿಷ್ಠ 6 ಸೆಂ.ಮೀ. ಚೌಕ, ಹಲಗೆಯ ಕೆಳಗೆ ಸುತ್ತಲೂ ಪಟ್ಟಿ, ನಡುವೆ ಎರಡು ಅಡ್ಡಪಟ್ಟಿ ಬೇಕು.

ಮೇಲಿನ ಮೇಜನ್ನು ಮಣ್ಣಿನ ಮೇಲೆ ಸುಮ್ಮನೆ ಇಡಬೇಡಿ. ನೀರು ಹಾಕಿದ ಹಾಗೆ ಮಣ್ಣು ಕೂರುತ್ತದೆ, ಎಲ್ಲ ಕಡೆ ಸಮನಾಗಿ ಕೂರುವುದಿಲ್ಲ, ನಾಲ್ಕನೆಯ ದಿನಕ್ಕೆ ಮೇಜು ಒಂದು ಮೂಲೆಗೆ ವಾಲಿರುತ್ತದೆ. ನಾಲ್ಕು ಮೂಲೆಗಳಲ್ಲಿ ಮಣ್ಣಿನೊಳಗೆ ಮುಚ್ಚಿಹೋಗುವಂತೆ 10 ಸೆಂ.ಮೀ. ಎತ್ತರದ ಮರದ ತುಂಡುಗಳನ್ನು ಕೂರಿಸಿ. ಮೇಲಿನ ಮೇಜಿನ ಭಾರ ಅವುಗಳ ಮೇಲೆ ಇಳಿಯಲಿ.

ಪ್ಲೈವುಡ್ ಬೇಡ. ಒದ್ದೆ ಮಣ್ಣಿಗೆ ತಾಗಿದ ಮಾಮೂಲಿ ಪ್ಲೈ ವಾರದೊಳಗೆ ಪದರ ಬಿಡುತ್ತದೆ. ಸಾಗವಾನಿಗೆ ದುಡ್ಡು ಸಾಲದಿದ್ದರೆ ಹಳೆಯ ಮನೆ ಕೆಡವಿದ ಮರ ನೋಡಿ. ಒಣಗಿ ಹದವಾದ ಮರ ಹಿಗ್ಗಿ ಕುಗ್ಗುವುದು ಕಡಿಮೆ. ಆದರೂ ಒಂದು ಮೈ ಒದ್ದೆ, ಇನ್ನೊಂದು ಮೈ ಒಣ ಆದಾಗ ಒದ್ದೆಯ ಮೈ ಅಡ್ಡಕ್ಕೆ ಹಿಗ್ಗಿ ಹಲಗೆ ಬಾಗುತ್ತದೆ. ಮಣ್ಣಿಗೆ ತಾಗುವ ಮೈಗೆ ಎಪಾಕ್ಸಿ ಮೂರು ಕೋಟ್ ಹೊಡೆಯಿರಿ. ಎಲ್ಲರೂ ಮರೆಯುವುದು ಹುಲ್ಲು ಬರಲು ಮೇಲಿನ ಹಲಗೆಯಲ್ಲಿ ಕೊರೆದ ತೂತಿನ ಒಳಗೋಡೆ. ಅಲ್ಲಿಗೂ ಹತ್ತಿ ಸುತ್ತಿದ ಕಡ್ಡಿಯಿಂದ ಬಳಿಯಬೇಕು. ಇಲ್ಲದಿದ್ದರೆ ನೀರು ಅಲ್ಲಿಂದಲೇ ಮರಕ್ಕೆ ಏರಿ ಪ್ರತಿ ತೂತಿನ ಸುತ್ತ ಕಪ್ಪು ಉಂಗುರ ಮೂಡುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಇರಲಿ. ಮಾಮೂಲಿ ಕಬ್ಬಿಣದ ಮೊಳೆ ಒದ್ದೆ ಮರದ ಒಗರಿನ ಜೊತೆ ಸೇರಿ ಮಸಿಯಂಥ ಕಲೆ ಮಾಡುತ್ತದೆ, ಅದು ಏನು ಮಾಡಿದರೂ ಹೋಗುವುದಿಲ್ಲ.

ಗರಿಕೆಬೇರು
ಉಳಿಬಾಚಿ ಸರ್, ಮೇಲಿನ ಹಲಗೆ ದಪ್ಪ ಎಷ್ಟು ಎಂದು ಹೇಳಲಿಲ್ಲ. ಹುಲ್ಲಿನ ದೃಷ್ಟಿಯಿಂದ ಇಡೀ ಕೆಲಸ ನಿಂತಿರುವುದೇ ಅದರ ಮೇಲೆ.

ಉಳಿಬಾಚಿ
18 ಮಿ.ಮೀ. ಎಂದುಕೊಂಡಿದ್ದೆ. ಅದಕ್ಕಿಂತ ತೆಳ್ಳಗಾದರೆ ಬಾಗುತ್ತದೆ.

ಗರಿಕೆಬೇರು
18 ಇದ್ದರೆ ಮಣ್ಣಿನ ಕಡೆಯಿಂದ ಪ್ರತಿ ತೂತನ್ನೂ ಆಲಿಕೆಯ ಹಾಗೆ ಅಗಲ ಮಾಡಿ. ಕೆಳಗೆ 12 ಮಿ.ಮೀ., ಮೇಲೆ 3 ಮಿ.ಮೀ. ಕಾರಣ ಇದು. ಮಣ್ಣಿನಲ್ಲಿ ಬಿತ್ತಿದ ಬೀಜಕ್ಕೆ ತೂತು ಎಲ್ಲಿದೆ ಎಂದು ತಿಳಿಯುವುದಿಲ್ಲ. ಮೊಳಕೆ ಮೇಲಕ್ಕೆ ಹೋಗುತ್ತದೆ, ಹಲಗೆಗೆ ತಲೆ ಬಡಿಯುತ್ತದೆ, ಅಡ್ಡಕ್ಕೆ ತಿರುಗಿ ಕೊಳೆಯುತ್ತದೆ. ಆದ್ದರಿಂದ ಬೀಜವನ್ನು ಮಣ್ಣಿಗೆ ಹಾಕಲೇಬೇಡಿ. ಆಲಿಕೆಯೊಳಗೆ ನೆನೆಸಿದ ತೆಂಗಿನನಾರಿನ ಪುಡಿ ತುಂಬಿ, ಬೀಜ ಅದರ ಮೇಲ್ಭಾಗದಲ್ಲಿ ಇರಲಿ. ಬೇರು ಕೆಳಗಿನ ಮಣ್ಣನ್ನು ತಾನೇ ಹುಡುಕಿಕೊಳ್ಳುತ್ತದೆ.

ಯಾವ ಹುಲ್ಲು? ಮಕ್ಕಳು ಸಾಮಾನ್ಯವಾಗಿ ಗೋಧಿ ಹಾಕುತ್ತಾರೆ. ಮೂರು ನಾಲ್ಕು ದಿನಕ್ಕೆ ಮೊಳೆಯುತ್ತದೆ, ಹತ್ತು ದಿನಕ್ಕೆ ಗೇಣುದ್ದ ನಿಲ್ಲುತ್ತದೆ, ಮೂರನೆಯ ವಾರಕ್ಕೆ ಕಾಳಿನ ಸತ್ವ ಮುಗಿದು ಹಳದಿಯಾಗಿ ಮಲಗುತ್ತದೆ. ಉದ್ಘಾಟನೆಯ ದಿನ ಚೆಂದ, ಪ್ರದರ್ಶನ ಮುಗಿಯುವ ದಿನ ಕಸ. ಗರಿಕೆಯೇ ಸರಿ. ಗರಿಕೆಯ ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು 10ರಿಂದ 20 ದಿನ ಬೇಕು, ಒಂದು ಸೆಂ.ಮೀ.ಗಿಂತ ಆಳಕ್ಕೆ ಹೋದರೆ ಏಳುವುದೇ ಇಲ್ಲ. ಅದಕ್ಕಿಂತ ಸುಲಭದ ದಾರಿ ಗಣ್ಣು ನೆಡುವುದು. ಮೂರು ಗಣ್ಣಿರುವ ಬಳ್ಳಿತುಂಡನ್ನು ಕತ್ತರಿಸಿ, ಮೇಲಿನಿಂದ ತೂತಿನೊಳಗೆ ಇಳಿಸಿ. ಎರಡು ಗಣ್ಣು ಕೆಳಗೆ, ಒಂದು ಹಲಗೆಯ ಮೇಲೆ. ವಾರದಿಂದ ಹತ್ತು ದಿನಕ್ಕೆ ಬೇರು ಹಿಡಿಯುತ್ತದೆ. ಒಂದಷ್ಟು ತುಂಡು ಸಾಯುತ್ತವೆ, ಬದಲಿಗೆ ಇಡಲು ಹೆಚ್ಚುವರಿ ತುಂಡುಗಳನ್ನು ಟ್ರೇಯಲ್ಲಿ ಬೆಳೆಸಿಟ್ಟುಕೊಳ್ಳಿ.

ತೂತುಗಳನ್ನು ಸಾಲಾಗಿ ಕೊರೆಯಬೇಡಿ. ಗೆರೆ ಎಳೆದಂತೆ ಹುಲ್ಲು ಬಂದರೆ ಹಲ್ಲುಜ್ಜುವ ಬ್ರಷ್ಷಿನಂತೆ ಕಾಣುತ್ತದೆ. ಇಡೀ ಹಲಗೆಗೆ 60ರಿಂದ 80 ತೂತು ಸಾಕು. ಮೂಲಕೃತಿಯ ಬಲ ಇರುವುದು ಹುಲ್ಲು ವಿರಳವಾಗಿರುವುದರಲ್ಲಿ.

ಬೆಳಕು ಅತಿ ಮುಖ್ಯ. ನವರಾತ್ರಿಯ ಘಟದ ಸುತ್ತ ಹಾಕಿದ ಧಾನ್ಯ ನೋಡಿದ್ದೀರಲ್ಲ, ಮಬ್ಬು ಕೋಣೆಯಲ್ಲಿ ಮೊಳೆತು ಬಿಳಿಚಿಕೊಂಡು, ಬೆಳಕಿಗಾಗಿ ಉದ್ದುದ್ದ ಬೆಳೆಯುತ್ತದೆ. ಪ್ರದರ್ಶನದ ಕೋಣೆಯಲ್ಲೂ ಅದೇ ಆಗುತ್ತದೆ. ಕಣ್ಣಿಗೆ ಬೆಳಕು ಸಾಕೆನಿಸಿದರೂ ಗರಿಕೆಗೆ ಅದು ಕತ್ತಲೆ. ಅದು ಬಯಲಿನ ಹುಲ್ಲು, ನೆರಳು ಸಹಿಸುವುದಿಲ್ಲ. ಜನ ಹೋದ ಮೇಲೆ ಹಲಗೆಯಿಂದ 40 ಸೆಂ.ಮೀ. ಎತ್ತರದಲ್ಲಿ ಗಿಡ ಬೆಳೆಸುವ ಎಲ್‌ಇಡಿ ದೀಪಗಳನ್ನು ರಾತ್ರಿ 12 ಗಂಟೆ ಹಚ್ಚಿಡಬೇಕು. ಬೆಳಗ್ಗೆ ತೆಗೆಯಬೇಕು. ಕವುಚಿದ ಮೇಜಿನ ಕಾಲುಗಳೇ ದೀಪ ಕಟ್ಟಲು ಆಧಾರ.

ಕುಂಚಕಡ್ಡಿ
ಗಣ್ಣಿನ ಉಪಾಯ ಹೊಳೆದಿರಲಿಲ್ಲ, ಬಹಳ ಉಪಕಾರವಾಯಿತು. ಮಣ್ಣಿನ ಅಂಚು ಬದಿಯಲ್ಲಿ ಕಾಣಬೇಕಲ್ಲ, ಅದು ಉದುರದಂತೆ ಏನು ಮಾಡುವುದು?

ಗರಿಕೆಬೇರು
ಬರಿಯ ಮಣ್ಣು ನಿಲ್ಲುವುದಿಲ್ಲ. ಕೋಳಿಜಾಲರಿಯನ್ನು ಪೆಟ್ಟಿಗೆಯಾಕಾರಕ್ಕೆ ಬಗ್ಗಿಸಿ, ಒಳಗೆ ಗೋಣಿತಟ್ಟು ಹಾಸಿ, ಅರ್ಧ ಕೆಮ್ಮಣ್ಣು ಅರ್ಧ ನಾರಿನಪುಡಿ ತುಂಬಿ ತುಳಿಯಿರಿ. ತೂಕವೂ 150 ಕೆ.ಜಿ. ಆಸುಪಾಸಿಗೆ ಇಳಿಯುತ್ತದೆ. ಹೊರಮೈಗೆ ಮಣ್ಣು, ಸಗಣಿ, ಕತ್ತರಿಸಿದ ಹುಲ್ಲು ಕಲಸಿ ಗೋಡೆಗೆ ಮೆತ್ತುವ ಹಾಗೆ ಒಂದು ಬೆರಳು ದಪ್ಪ ಮೆತ್ತಿ. ಬದಿಗಳು ಗಾಳಿಗೆ ಮೊದಲು ಒಣಗಿ ಬಿರುಕು ಬಿಡುತ್ತವೆ, ದಿನಕ್ಕೆರಡು ಸಲ ಸಣ್ಣಗೆ ನೀರು ಚಿಮುಕಿಸಿ. ಮೇಲಿನಿಂದ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಸ್ಪ್ರೇಯರಿನಲ್ಲಿ. ಹೆಚ್ಚಾದರೆ ಬುಡ ಕೊಳೆತು ಎಸಳು ಒಂದೇ ರಾತ್ರಿಯಲ್ಲಿ ಮಲಗುತ್ತದೆ. ತಳದಲ್ಲಿ ಪ್ಲಾಸ್ಟಿಕ್ ಹಾಳೆ, ಒಂದು ಮೂಲೆಯಲ್ಲಿ ನೀರು ಹೋಗಲು ಸಣ್ಣ ಕೊಳವೆ.

ಸೂಜಿಮೊನೆ
ಹುಲ್ಲಿನ ಮಾತಿಗೆ ಇದೊಂದು ಸೇರಿಸುತ್ತೇನೆ. ಸಾಲ್ಸೆಡೊ ಅವರಲ್ಲಿ ನಾಜೂಕು ಎನ್ನುವುದು ಚಿತ್ರದಲ್ಲಿ ತೋರಿಸುವ ಭಾವ ಅಲ್ಲ. ವಸ್ತುವೇ ಯಾವ ಗಳಿಗೆಯಲ್ಲಾದರೂ ಹರಿದುಹೋಗಬಹುದು ಎನ್ನುವ ಸ್ಥಿತಿಯಲ್ಲಿ ಅದನ್ನು ನಿಲ್ಲಿಸುತ್ತಾರೆ.

‘ಆಟ್ರಾಬಿಲಿಯಾರಿಯೋಸ್’ ನೋಡಿ, 1990ರ ದಶಕದ ಮೊದಲ ಭಾಗದ್ದು. ಕಾಣೆಯಾದವರ, ಹೆಚ್ಚಾಗಿ ಹೆಂಗಸರ, ಚಪ್ಪಲಿ ಬೂಟುಗಳನ್ನು ಗೋಡೆಯ ಗೂಡುಗಳಲ್ಲಿಟ್ಟು, ದನದ ಮೂತ್ರಕೋಶದ ಪೊರೆಯಿಂದ ಮುಚ್ಚಿ, ಶಸ್ತ್ರಚಿಕಿತ್ಸೆಯ ದಾರದಿಂದ ಗೋಡೆಗೇ ಹೊಲಿದಿದ್ದಾರೆ. ಒಳಗಿನದು ಮಂಜಿನ ಹಿಂದಿನಂತೆ ಕಾಣುತ್ತದೆ. ಹತ್ತಿರ ಹೋದರೂ ಸ್ಪಷ್ಟವಾಗುವುದಿಲ್ಲ. ತಮಟೆಯನ್ನು ಬಾರಿಸುವ ಮೊದಲು ಬೆಂಕಿಗೆ ಕಾಯಿಸುವುದು ಯಾಕೆಂದು ಗೊತ್ತಿರುವವರಿಗೆ ಈ ಪೊರೆಯ ಕಷ್ಟ ಅರ್ಥವಾಗುತ್ತದೆ. ಗಾಳಿ ಒಣಗಿದರೆ ಚರ್ಮ ಬಿಗಿಯುತ್ತದೆ, ತೇವವಾದರೆ ಸಡಿಲವಾಗುತ್ತದೆ. ಬಿಗಿದಾಗ ಎಳೆತವೆಲ್ಲ ಹೊಲಿಗೆಯ ತೂತಿನ ಮೇಲೆ ಬೀಳುತ್ತದೆ, ಸೀಳುವುದೂ ಅಲ್ಲಿಂದಲೇ.

‘ಅ ಫ್ಲೋರ್ ದೆ ಪಿಯೆಲ್’ ಇನ್ನೂ ಮುಂದೆ ಹೋಗುತ್ತದೆ. ಗುಲಾಬಿಯ ಎಸಳುಗಳನ್ನು ಸಂಸ್ಕರಿಸಿ, ಒಂದಕ್ಕೊಂದು ಕೈಯಲ್ಲಿ ಹೊಲಿದು, ನೆಲದ ಮೇಲೆ ಮಡಿಕೆ ಮಡಿಕೆಯಾಗಿ ಹರಡಿದ ಹೊದಿಕೆ. ಕೊಲಂಬಿಯಾದಲ್ಲಿ ಚಿತ್ರಹಿಂಸೆಗೆ ಬಲಿಯಾದ ಒಬ್ಬ ನರ್ಸ್‌ಗೆ ಅರ್ಪಿಸಿದ ಹೂವು. ಹೆಸರು ಸ್ಪ್ಯಾನಿಷ್ ನುಡಿಗಟ್ಟು, ಭಾವನೆ ಚರ್ಮದ ಮೇಲ್ಮೈಗೇ ಬಂದು ನಿಂತಿದೆ ಎಂಬ ಅರ್ಥ. ಬಣ್ಣ ಒಣಗಿದ ರಕ್ತದ್ದು.

ಕುಂಚಕಡ್ಡಿ
ಎಸಳನ್ನು ಹೊಲಿಯುವುದನ್ನು ಒಂದು ಅಂಗೈ ಅಗಲಕ್ಕಾದರೂ ಮಾಡಿ ನೋಡಬಹುದೇ?

ಸೂಜಿಮೊನೆ
ಮಾಡಲೇಬೇಕು. ಅಂಗೈಯಗಲ ಹೊಲಿದ ಮೇಲೆ ಆ ಹೊದಿಕೆಯಲ್ಲಿರುವ ಸಮಯ ಎಷ್ಟೆಂದು ಬೆರಳಿಗೆ ಗೊತ್ತಾಗುತ್ತದೆ.

ನಾಟಿ ಗುಲಾಬಿ ಬೇಡ, ಎಸಳು ತೆಳು. ಹೂಗುಚ್ಛಕ್ಕೆ ಮಾರುವ ಉದ್ದ ಕಾಂಡದ ಡಚ್ ಗುಲಾಬಿಯ ಹೊರಸುತ್ತಿನ ಎಸಳು ದಪ್ಪ. ಒಂದು ಪಾಲು ಗ್ಲಿಸರಿನ್, ಎರಡು ಪಾಲು ನೀರು, ಬೆರಳು ತಡೆಯುವಷ್ಟು ಬೆಚ್ಚಗೆ. ನಾಲ್ಕು ಹನಿ ನಿಂಬೆರಸ ಹಾಕಿದರೆ ಕೆಂಪು ಸ್ವಲ್ಪ ಹೆಚ್ಚು ಉಳಿಯುತ್ತದೆ, ಹುಳಿ ಕಡಿಮೆಯಾದಂತೆ ಗುಲಾಬಿಯ ಕೆಂಪು ನೇರಳೆಗೆ ತಿರುಗುತ್ತದೆ. ಎಸಳು ಮೇಲೆ ತೇಲದಂತೆ ಜಾಲರಿ ಮುಚ್ಚಿ ಒಂದರಿಂದ ಎರಡು ದಿನ ಬಿಡಿ. ತೆಗೆದು ಹೀರುವ ಕಾಗದದ ನಡುವೆ ಒತ್ತಿ, ಕಾಗದವನ್ನು ದಿನಕ್ಕೆರಡು ಸಲ ಬದಲಿಸಿ. ಗ್ಲಿಸರಿನ್ ನೀರಿನ ಜಾಗದಲ್ಲಿ ಕೂತು ಎಸಳನ್ನು ಮೆದುವಾಗಿಡುತ್ತದೆ.

ಅತಿ ಸಣ್ಣ ಸೂಜಿ, ಜೇನುಮೇಣ ತೀಡಿದ ಒಂಟಿ ರೇಷ್ಮೆ ಎಳೆ. ಅಂಚಿನಿಂದ 3 ಮಿ.ಮೀ. ಒಳಗೆ ಚುಚ್ಚಿ, ಹೊಲಿಗೆಗೂ ಹೊಲಿಗೆಗೂ 5 ಮಿ.ಮೀ. ಬಿಡಿ. ಗಟ್ಟಿಯಾಗಲೆಂದು ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿಯ ಅಂಚಿನ ಹಾಗೆ ತೂತಿನ ಸಾಲಾಗಿ ಅಲ್ಲೇ ಹರಿಯುತ್ತದೆ. ದಾರ ಎಳೆದು ಬಿಗಿಯಬೇಡಿ, ಎಸಳು ಎಸಳಿಗೆ ತಾಗಿದರೆ ಸಾಕು.

ತಂಪುಕೋಣೆ
ಸಂರಕ್ಷಣೆಯ ಕಡೆಯಿಂದ ಎರಡು ಎಚ್ಚರಿಕೆ. ಗ್ಲಿಸರಿನ್ ಗಾಳಿಯ ತೇವವನ್ನು ಹೀರುತ್ತದೆ. ತೇವಾಂಶ ಶೇ. 65 ದಾಟಿದರೆ ಎಸಳು ಬೆವರಿ ಅಂಟಾಗುತ್ತದೆ, ಧೂಳು ಕೂತರೆ ತೆಗೆಯಲಾಗದು, ಬೂಷ್ಟು ಬರುತ್ತದೆ. ಶೇ. 35ಕ್ಕಿಂತ ಇಳಿದರೆ ಹೊಲಿಗೆಯ ಬಳಿ ಸೀಳುತ್ತದೆ. ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ತೆರೆದಿಡಲು ಸಾಧ್ಯವಿಲ್ಲ, ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬೆಳಕು 50 ಲಕ್ಸ್ ಮೀರಬಾರದು.

ಇನ್ನೊಂದು: ಎಸಳಿನ ತುಣುಕನ್ನೂ ಹುಲ್ಲಿನ ಮೇಜನ್ನೂ ಒಂದೇ ಕೋಣೆಯಲ್ಲಿ ಇಡಬೇಡಿ. ಹುಲ್ಲಿಗೆ ಬೇಕಾದ ತೇವ, ರಾತ್ರಿಯ ದೀಪ ಎರಡೂ ಎಸಳನ್ನು ಕೊಲ್ಲುತ್ತವೆ.

ಬಿಳಿಗೋಡೆ
ತಂಪುಕೋಣೆಯವರು ಹೇಳಿದ್ದರಲ್ಲಿ ಟಿಪ್ಪಣಿಗೆ ಬೇಕಾದ ಮಾತು ಸಿಕ್ಕಿತು. ಒಬ್ಬರದೇ ಕೃತಿಗಳು, ಆದರೆ ಒಂದಕ್ಕೆ ಕತ್ತಲು ಬೇಕು, ಇನ್ನೊಂದಕ್ಕೆ ಬೆಳಕು. ಎಸಳು ಇದ್ದ ಹಾಗೆಯೇ ಉಳಿಯಬೇಕು, ಹುಲ್ಲು ಬದಲಾಗಬೇಕು.

ಹುಲ್ಲನ್ನು ‘ಭರವಸೆ’ ಎಂದು ಕರೆಯಲು ಕಲಾವಿದೆಯದೇ ಒಪ್ಪಿಗೆ ಇದೆ. ಎಷ್ಟೇ ಕಠಿಣ ಸ್ಥಿತಿಯಲ್ಲೂ ಬದುಕು ಗೆಲ್ಲಲಿ ಎನ್ನುವ ಆಸೆಯನ್ನು ಅವರು ಈ ಕೃತಿಯ ಬಗ್ಗೆ ಬರೆದಿದ್ದಾರೆ. ಆದರೆ ಅದು ಆಸೆಯ ಮಾತು, ಖಾತರಿ ಕೊಡುವ ಮಾತಲ್ಲ.

ಸೂಜಿಮೊನೆ
ನಾನು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ಗೋರಿಯ ಮೇಲೂ ಹುಲ್ಲು ಬೆಳೆಯುತ್ತದೆ. ಗುರುತು ಸಿಗದ ಗುಂಡಿಯನ್ನು ಜನ ಮರೆಯುವುದೂ ಅದರ ಮೇಲೆ ಹುಲ್ಲು ಬೆಳೆದ ಮೇಲೆಯೇ. ಹುಲ್ಲು ಮರೆವೂ ಆಗಬಹುದು.

ಬಿಳಿಗೋಡೆ
ಮೇಡಂ, ಬಯಲಲ್ಲಿ ತಾನಾಗಿ ಬೆಳೆದರೆ ನಿಮ್ಮ ಮಾತು ನಿಜ. ಇಲ್ಲಿ ಹುಲ್ಲು ತಾನಾಗಿ ಬೆಳೆಯುವುದಿಲ್ಲವಲ್ಲ. ಗರಿಕೆಬೇರು ಅವರು ಬರೆದದ್ದನ್ನೇ ನೋಡಿ, ರಾತ್ರಿ ದೀಪ, ದಿನಕ್ಕೆ ಎರಡು ಲೀಟರ್ ನೀರು. ಒಬ್ಬರು ದಿನವೂ ನೆನಪಿಟ್ಟುಕೊಂಡು ಬಂದರೆ ಮಾತ್ರ ಅದು ಹಸಿರು. ಮರೆತ ಕಡೆ ಮೊದಲು ಸಾಯುವುದು ಈ ಹುಲ್ಲೇ.

ಸೂಜಿಮೊನೆ
ಇದನ್ನು ಒಪ್ಪುತ್ತೇನೆ. ಟಿಪ್ಪಣಿಯಲ್ಲಿ ಎರಡೂ ಇರಲಿ.

ಹೊಲಿಗೆಯ ಮಾತು ಬಂದಾಗ ‘ಡಿಸ್‌ರಿಮೆಂಬರ್ಡ್’ ಬಿಡಬಾರದು. 2014ರಿಂದ ಮಾಡಿದ ಸರಣಿ. ಕಚ್ಚಾ ರೇಷ್ಮೆಯ ರವಿಕೆಯಂಥ ಉಡುಪು, ಒಂದೊಂದರಲ್ಲಿ ಸುಮಾರು 12,000 ಸೂಜಿ. ಷಿಕಾಗೊದಲ್ಲಿ ಬಂದೂಕಿಗೆ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಮಾತುಗಳಿಂದ ಹುಟ್ಟಿದ್ದು. ಒಂದು ಕೋನದಿಂದ ಗೋಡೆಯಲ್ಲಿ ಕರಗಿಹೋದಂತೆ ಕಾಣುತ್ತದೆ, ಪಕ್ಕಕ್ಕೆ ಸರಿದರೆ ಮಿನುಗುತ್ತದೆ. ತೊಡಲು ಹೋದರೆ ಚುಚ್ಚುತ್ತದೆ. ನಮ್ಮ ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ ಅವರೂ ಸೂಜಿ ದಾರದಲ್ಲಿ ದೊಡ್ಡ ಕೆಲಸ ಮಾಡಿದ್ದಾರೆ. ಸೂಜಿಗಳಲ್ಲಿ ಪೋಣಿಸಿದ ನೂಲುಗಳನ್ನು ಕುಂಕುಮ, ಅಂಟು ಬಳಿದು ಹುರಿಯಾಗಿಸಿ ಕೋಣೆಯ ತುಂಬ ಹರಿಯಬಿಟ್ಟು, ತುದಿಯಲ್ಲಿ ಸೂಜಿಗಳ ಗೊಂಚಲನ್ನು ಹಾಗೇ ಬಿಟ್ಟಿದ್ದಾರೆ. ಅಲ್ಲಿ ಸೂಜಿ ಹೆಣ್ಣಿನ ದುಡಿಮೆಯ ಗುರುತು, ಇಲ್ಲಿ ಮುಗಿಯದ ನೋವು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಲಿ, ಆದರೆ ಒಂದೇ ಎಂದು ಬೆರೆಸಬಾರದು.

ಉಳಿಬಾಚಿ
ಗಟ್ಟಿ ವಸ್ತುವಿನಲ್ಲೂ ಅವರು ಇದನ್ನೇ ಮಾಡಿದ್ದಾರೆ. 2007ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ಟರ್ಬೈನ್ ಹಾಲ್‌ನ ಕಾಂಕ್ರೀಟ್ ನೆಲದಲ್ಲಿ 167 ಮೀಟರ್ ಉದ್ದದ ಬಿರುಕು, ಹೆಸರು ‘ಶಿಬೊಲೆತ್’. ವಲಸೆ ಬಂದವರನ್ನು ಹೊರಗಿಡುವ ಗೆರೆ. ಬಿರುಕಿನ ಒಳಗೋಡೆಯಲ್ಲಿ ಬೇಲಿಯ ತಂತಿಜಾಲರಿ ಹುದುಗಿತ್ತು. 2008ರಲ್ಲಿ ತುಂಬಿ ಮುಚ್ಚಿದರೂ ಗಾಯದ ಗೆರೆ ಈಗಲೂ ಆ ನೆಲದಲ್ಲಿದೆ.

ಭರವಸೆಯ ಕೃತಿ ಯಾವುದೆಂದರೆ ನಾನು ಬೊಗೊಟಾದ ‘ಫ್ರಾಗ್ಮೆಂತೋಸ್’ ಎನ್ನುತ್ತೇನೆ. 2016ರ ಶಾಂತಿ ಒಪ್ಪಂದದ ನಂತರ ಫಾರ್ಕ್ ಬಂಡುಕೋರರು ಒಪ್ಪಿಸಿದ ಶಸ್ತ್ರಗಳಲ್ಲಿ 37 ಟನ್ನಿನಷ್ಟನ್ನು ಕರಗಿಸಿ ಎರಕ ಹೊಯ್ದು 1,296 ನೆಲಹಾಸಿನ ಫಲಕ ಮಾಡಿದರು. ಫಲಕದ ಮೈ ನುಣುಪಾಗಿಲ್ಲ. ಯುದ್ಧದಲ್ಲಿ ಲೈಂಗಿಕ ಹಿಂಸೆಗೆ ಒಳಗಾದ ಹೆಂಗಸರು ಲೋಹದ ತಗಡನ್ನು ಸುತ್ತಿಗೆಯಿಂದ ಬಡಿದು, ಆ ಏಟಿನ ಗುರುತಿನಿಂದಲೇ ಅಚ್ಚು ತಯಾರಾಯಿತು. 2018ರಲ್ಲಿ ತೆರೆಯಿತು. ಎತ್ತರದ ಕಂಬವೂ ಇಲ್ಲ, ಪ್ರತಿಮೆಯೂ ಇಲ್ಲ. ಹೋದವರು ಆಯುಧದ ಮೇಲೆ ಕಾಲಿಟ್ಟು ನಿಲ್ಲುತ್ತಾರೆ.

ಕುಂಚಕಡ್ಡಿ
ಟಿಪ್ಪಣಿ ತಿದ್ದಿ ಬರೆಸುತ್ತೇನೆ. ಕೆಲವರು ಕೊಲಂಬಿಯಾದ ಬದಲು ನಮ್ಮ ಊರಿನ ಒಂದು ದುರಂತಕ್ಕೆ ಮೇಜನ್ನು ಅರ್ಪಿಸೋಣ ಎನ್ನುತ್ತಿದ್ದಾರೆ.

ಬಿಳಿಗೋಡೆ
ಆ ಮನೆಯವರನ್ನು ಕೇಳದೆ ಬೇಡ. ಸಾಲ್ಸೆಡೊ ವರ್ಷಗಟ್ಟಲೆ ಸಂತ್ರಸ್ತರ ಮಾತು ಕೇಳಿದ ಮೇಲೆ ಕೃತಿಗೆ ಕೈಹಾಕುತ್ತಾರೆ. ಮೇಜಿನಲ್ಲೂ ಎಸಳಿನಲ್ಲೂ ಯಾರ ಮುಖವೂ ಇಲ್ಲ, ಹೆಸರೂ ಇಲ್ಲ. ಹೆಸರು ಬರೆದದ್ದು ಬೇರೆ ಕಡೆ. 2016ರ ಅಕ್ಟೋಬರಿನಲ್ಲಿ ಶಾಂತಿ ಒಪ್ಪಂದದ ಮೊದಲ ರೂಪ ಜನಮತದಲ್ಲಿ ಸೋತ ಕೆಲವೇ ದಿನಕ್ಕೆ, ಬೊಗೊಟಾದ ಬೊಲಿವಾರ್ ಚೌಕದಲ್ಲಿ ಸುಮಾರು 1,900 ಮಂದಿಯ ಹೆಸರನ್ನು ಬಿಳಿಬಟ್ಟೆಯ ಮೇಲೆ ಬೂದಿಯಲ್ಲಿ ಬರೆದು, ಜನರೇ ಕೂತು ಹೊಲಿದು ಜೋಡಿಸಿದರು. ಅಭ್ಯಾಸದ ಮೇಜು ಅಭ್ಯಾಸವಾಗಿಯೇ ಇರಲಿ.

ಕುಂಚಕಡ್ಡಿ
ಸರಿ ಸರ್. ಕೊನೆಯದು, ಪ್ರದರ್ಶನ ಸೋಮವಾರ ಮುಚ್ಚಿರುತ್ತದೆ, ನಡುವೆ ಹಬ್ಬದ ಎರಡು ದಿನ ರಜೆಯೂ ಇದೆ. ಕೀಲಿ ಕಾವಲುಗಾರರ ಹತ್ತಿರ ಮಾತ್ರ.

ಗರಿಕೆಬೇರು
ಒಂದು ದಿನ ತಪ್ಪಿದರೆ ಗರಿಕೆ ತಡೆಯುತ್ತದೆ. ಮೂರು ದಿನ ದೀಪವೂ ನೀರೂ ಇಲ್ಲದಿದ್ದರೆ ಹೊಸ ಬೇರು ಒಣಗುತ್ತದೆ, ಮತ್ತೆ ಹತ್ತು ದಿನದ ಕೆಲಸ. ದೀಪಕ್ಕೆ ಟೈಮರ್ ಹಾಕಿಬಿಡಿ. ನೀರಿಗೆ ಯಂತ್ರ ಬೇಡ, ತೂತಿಂದ ತೂತಿಗೆ ಬೇಕಾಗುವ ನೀರು ಬೇರೆ. ಕಾವಲುಗಾರರಿಗೆ ಮೊದಲೇ ಒಮ್ಮೆ ಮೇಜಿನ ಹತ್ತಿರ ನಿಂತು ತೋರಿಸಿಕೊಡಿ: ನಾರಿನಪುಡಿ ಮುಟ್ಟಿದಾಗ ಬೆರಳಿಗೆ ತಂಪಿದ್ದರೆ ಬೇಡ, ಪುಡಿ ಬೆರಳಿಗೆ ಅಂಟದೆ ಉದುರಿದರೆ ಹತ್ತು ಸಲ ಸ್ಪ್ರೇ ಒತ್ತಬೇಕು. ಅವರ ಹೆಸರನ್ನೂ, ಅವರು ಒಪ್ಪಿದರೆ, ಫಲಕದಲ್ಲಿ ವಿದ್ಯಾರ್ಥಿಗಳ ಹೆಸರಿನ ಜೊತೆಯೇ ಬರೆಯಿರಿ.